ಸೌರ ಫಲಕ 348 ಯೂನಿಟ್ ಕೊಟ್ಟರೂ ಬಿಲ್ಲಿನಲ್ಲಿ 196 ಮಾತ್ರ ಏಕೆ?

ಪ್ರಶ್ನೆ: ಶಿವಮೊಗ್ಗದಲ್ಲಿರುವ ನಮ್ಮ ಮನೆಯ ಚಾವಣಿಗೆ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಫಲಕಗಳನ್ನು ಹಾಕಿಸಿದ್ದೇವೆ. ನೆಟ್ ಮೀಟರ್ ಇದೆ. ಮಂಜೂರಾದ ಲೋಡ್ 4 ಕಿಲೋವ್ಯಾಟ್. ಕಳೆದ ತಿಂಗಳು ಇನ್ವರ್ಟರ್‌ನ ಆ್ಯಪ್ 348 ಯೂನಿಟ್ ಉತ್ಪಾದನೆಯಾಗಿದೆ ಎಂದು ತೋರಿಸಿತು. ಆದರೆ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ 196, ಇಂಪೋರ್ಟ್ 242 ಎಂದಿದೆ. ಉಳಿದ 152 ಯೂನಿಟ್ ಎಲ್ಲಿ ಹೋಯಿತು? ಇಷ್ಟೆಲ್ಲ ಮಾಡಿಯೂ ಸುಮಾರು 900 ರೂಪಾಯಿ ಬಿಲ್ ಬರುವುದು ನ್ಯಾಯವೇ?

ಉತ್ತರ: ಆ 152 ಯೂನಿಟ್ ಎಲ್ಲಿಯೂ ಹೋಗಿಲ್ಲ, ಅದನ್ನು ಬಳಸಿದವರು ನೀವೇ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಅಳವಡಿಸುವ ದ್ವಿಮುಖ ಮೀಟರ್, ಅಂದರೆ ನಿಮ್ಮ ನೆಟ್ ಮೀಟರ್, ಹೆಬ್ಬಾಗಿಲಿನ ಕಾವಲುಗಾರನಂತೆ, ಹೊರಗಿನಿಂದ ಒಳಗೆ ಬಂದದ್ದನ್ನು (ಇಂಪೋರ್ಟ್) ಮತ್ತು ಒಳಗಿನಿಂದ ಹೊರಗೆ ಹೋದದ್ದನ್ನು (ಎಕ್ಸ್‌ಪೋರ್ಟ್) ಮಾತ್ರ ಬರೆದುಕೊಳ್ಳುತ್ತದೆ. ಮಧ್ಯಾಹ್ನ ಫಲಕಗಳು ವಿದ್ಯುತ್ ಕೊಡುತ್ತಿರುವಾಗಲೇ ಮನೆಯ ಫ್ರಿಜ್, ಪಂಪ್, ಮಿಕ್ಸಿ ಎಳೆದುಕೊಂಡ ವಿದ್ಯುತ್ ಈ ಬಾಗಿಲನ್ನು ದಾಟುವುದೇ ಇಲ್ಲವಾದ್ದರಿಂದ, ಅದು ಮೀಟರಿನ ಯಾವ ಅಂಕಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಉತ್ಪಾದನೆಯಾದ 348ರಲ್ಲಿ ಲೈನಿಗೆ ಹೋದ 196ನ್ನು ಕಳೆದರೆ ನೀವು ನೇರವಾಗಿ ಬಳಸಿದ 152 ಸಿಗುತ್ತದೆ. ಅದಕ್ಕೆ ರಾತ್ರಿ ಮತ್ತು ಮೋಡದ ಹೊತ್ತಿನಲ್ಲಿ ಲೈನಿನಿಂದ ಪಡೆದ 242ನ್ನು ಕೂಡಿದರೆ ಆ ತಿಂಗಳು ನಿಮ್ಮ ಮನೆ ಬಳಸಿದ ಒಟ್ಟು ವಿದ್ಯುತ್ 394 ಯೂನಿಟ್ ಎಂದಾಗುತ್ತದೆ. ಈ 394 ಎಂಬ ಸಂಖ್ಯೆ ಬಿಲ್ಲಿನಲ್ಲಿ ಎಲ್ಲಿಯೂ ಅಚ್ಚಾಗುವುದಿಲ್ಲ. ಎಸ್ಕಾಂಗಳ ಬಿಲ್ ನಮೂನೆಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ.

ಈಗ ಹಣದ ಲೆಕ್ಕಕ್ಕೆ ಬರೋಣ. 2025-26ನೇ ಸಾಲಿನ ಗೃಹಬಳಕೆಯ ದರಪಟ್ಟಿಯಂತೆ ಯೂನಿಟ್‌ಗೆ 5.80 ರೂಪಾಯಿ, ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ವಿದ್ಯುತ್ ಶುಲ್ಕದ ಮೇಲೆ ಶೇ 9ರಷ್ಟು ತೆರಿಗೆ. ಇಂಧನ ಹೊಂದಾಣಿಕೆ ಶುಲ್ಕ, ಪಿಂಚಣಿ ಸರ್ಚಾರ್ಜ್‌ನಂತಹ ಸಣ್ಣ ಬಾಬತ್ತುಗಳನ್ನು ಸದ್ಯಕ್ಕೆ ಬದಿಗಿಡುತ್ತೇನೆ. ನೀವು ಹಣ ಕೊಡಬೇಕಾದದ್ದು 242ರಲ್ಲಿ 196 ಕಳೆದು ಉಳಿಯುವ 46 ಯೂನಿಟ್‌ಗೆ ಮಾತ್ರ, ಅಂದರೆ 266.80 ರೂಪಾಯಿ, ಅದರ ಮೇಲಿನ ತೆರಿಗೆ 24 ರೂಪಾಯಿ, 4 ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 580 ರೂಪಾಯಿ, ಒಟ್ಟು ಸುಮಾರು 871 ರೂಪಾಯಿ. ಫಲಕಗಳೇ ಇಲ್ಲದಿದ್ದಲ್ಲಿ ಇದೇ 394 ಯೂನಿಟ್‌ಗೆ ಸುಮಾರು 3,071 ರೂಪಾಯಿ ಬರುತ್ತಿತ್ತು. ಉಳಿತಾಯವಾದ 2,200 ರೂಪಾಯಿಯನ್ನು 348ರಿಂದ ಭಾಗಿಸಿ ನೋಡಿ, ಯೂನಿಟ್‌ಗೆ 6.32 ರೂಪಾಯಿ ಬರುತ್ತದೆ. ನೇರವಾಗಿ ಬಳಸಿದ 152ಕ್ಕೂ ಅದೇ ಬೆಲೆ, ಲೈನಿಗೆ ಕೊಟ್ಟ 196ಕ್ಕೂ ಅದೇ ಬೆಲೆ.

ಈ ಕೊನೆಯ ಮಾತನ್ನು ಸ್ವಲ್ಪ ಗಮನಿಸಬೇಕು. ವಾಷಿಂಗ್ ಮಷೀನ್, ಗೀಸರ್ ಎಲ್ಲವನ್ನೂ ಬಿಸಿಲಿರುವಾಗಲೇ ಹಾಕಿಕೊಂಡರೆ ಬಿಲ್ ಇಳಿಯುತ್ತದೆ ಎಂದು ಫಲಕ ಮಾರುವವರು ಹೇಳುವುದುಂಟು. ತಿಂಗಳ ಎಕ್ಸ್‌ಪೋರ್ಟ್, ಇಂಪೋರ್ಟನ್ನು ಮೀರದ ನಿಮ್ಮಂತಹ ಮನೆಗೆ ಈ ಸಲಹೆಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ, ಏಕೆಂದರೆ ಹಗಲು ಲೈನಿಗೆ ಕೊಟ್ಟ ಯೂನಿಟ್ ರಾತ್ರಿ ಅಷ್ಟೇ ಬೆಲೆಗೆ ಮರಳುತ್ತದೆ. ಮಿಕ್ಕ 580 ರೂಪಾಯಿ ನಿಗದಿತ ಶುಲ್ಕವು ಬಳಕೆಗೆ ಸಂಬಂಧಿಸಿದ್ದಲ್ಲ. ನಿಮ್ಮ ಮನೆಗೆಂದು ಲೈನ್, ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿಟ್ಟಿರುವುದಕ್ಕೆ ತೆರುವ ಹಣವಾದ್ದರಿಂದ ಎಷ್ಟೇ ಫಲಕ ಹಾಕಿದರೂ ಅದು ತಪ್ಪುವುದಿಲ್ಲ. ಬಿಲ್ ಸೊನ್ನೆಗೆ ಇಳಿಯುತ್ತದೆ ಎಂಬ ಜಾಹೀರಾತುಗಳು ಈ ಸಾಲನ್ನು ಸಾಮಾನ್ಯವಾಗಿ ನುಂಗಿಬಿಡುತ್ತವೆ.

ಪ್ರಶ್ನೆ: ನಮ್ಮ ನೆರೆಮನೆಯವರು ಹತ್ತು ವರ್ಷಗಳ ಹಿಂದೆ ಹಾಕಿಸಿದ ಫಲಕಗಳಿಂದ ಪ್ರತಿ ತಿಂಗಳೂ ಹಣ ಪಡೆಯುತ್ತಾರೆ. ನಾವು ವರ್ಷದ ಹಲವು ತಿಂಗಳು ವಿದೇಶದಲ್ಲಿರುವ ಮಗನ ಮನೆಯಲ್ಲಿರುವುದರಿಂದ ನಮ್ಮ ಫಲಕಗಳ ವಿದ್ಯುತ್ತೆಲ್ಲ ಲೈನಿಗೇ ಹೋಗುತ್ತದೆ. ಆದರೂ ನಮಗೆ ಸಿಗುವುದು ಅಲ್ಪ. ಇನ್ನೂ 2 ಕಿಲೋವ್ಯಾಟ್ ಸೇರಿಸಿದರೆ ಲಾಭವೇ?

ಉತ್ತರ: ಲಾಭವಿಲ್ಲ, ಸೇರಿಸಬೇಡಿ. ಎಕ್ಸ್‌ಪೋರ್ಟ್ ಇಂಪೋರ್ಟಿಗಿಂತ ಹೆಚ್ಚಾದ ತಿಂಗಳಿನಲ್ಲಿ ಮಿಕ್ಕ ಯೂನಿಟ್‌ಗಳಿಗೆ ಎಸ್ಕಾಂ ಕೊಡುವುದು ನೀವು ವಿದ್ಯುತ್ ಕೊಳ್ಳುವ ದರವನ್ನಲ್ಲ, ವಿದ್ಯುತ್ ಖರೀದಿ ಒಪ್ಪಂದದಲ್ಲಿ ಬರೆದ ದರವನ್ನು. ಈ ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಮತ್ತು ಒಮ್ಮೆ ಸಹಿಯಾದ ಒಪ್ಪಂದ 25 ವರ್ಷ ನಡೆಯುತ್ತದೆ. ಆಯೋಗವು 2013ರಲ್ಲಿ ಚಾವಣಿ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ, ಸಬ್ಸಿಡಿ ಪಡೆದವರಿಗೆ 7.20 ರೂಪಾಯಿ ಎಂದು ನಿಗದಿ ಮಾಡಿತ್ತು. ಆಗ ಫಲಕಗಳೇ ದುಬಾರಿಯಾಗಿದ್ದವು. ಫಲಕಗಳ ಬೆಲೆ ಇಳಿದಂತೆ ಹೊಸ ಒಪ್ಪಂದಗಳ ದರವೂ ಇಳಿಯುತ್ತಾ ಬಂದಿದೆ, ಹಳೆಯ ಒಪ್ಪಂದದವರು ಮಾತ್ರ ಆಗಿನ ದರವನ್ನೇ ಅನುಭವಿಸುತ್ತಿದ್ದಾರೆ. ನಿಮ್ಮ ನೆರೆಯವರ ಗುಟ್ಟು ಇಷ್ಟೇ ಇರಬೇಕು.

ನಿಮ್ಮ ಒಪ್ಪಂದದ ದರ 3 ರೂಪಾಯಿ, ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದು ಇಟ್ಟುಕೊಳ್ಳೋಣ. ಬೀಗ ಹಾಕಿದ ಮನೆಯಿಂದ 310 ಯೂನಿಟ್ ಹೆಚ್ಚುವರಿಯಾಗಿ ಹೋದರೆ 930 ರೂಪಾಯಿ ಆಗುತ್ತದೆ, ಅದರಲ್ಲಿ 3 ಕಿಲೋವ್ಯಾಟ್ ಲೋಡಿನ ನಿಗದಿತ ಶುಲ್ಕ 435 ರೂಪಾಯಿ ಕಳೆಯುತ್ತದೆ. ಸ್ವಂತ ಬಳಕೆಗೆ ಒದಗುವ ಯೂನಿಟ್ 6 ರೂಪಾಯಿಗೂ ಮಿಗಿಲಾದ ಬಿಲ್ ಉಳಿಸಿದರೆ, ಮಾರಾಟವಾಗುವ ಯೂನಿಟ್ ಅದರ ಅರ್ಧವನ್ನೂ ತರುವುದಿಲ್ಲ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಬ್ಸಿಡಿಯೂ 3 ಕಿಲೋವ್ಯಾಟ್‌ಗೇ 78,000 ರೂಪಾಯಿ ತಲುಪಿ ಅಲ್ಲಿಗೆ ನಿಲ್ಲುತ್ತದೆ. ಅದರ ಮೇಲಿನ ಪ್ರತಿ ಕಿಲೋವ್ಯಾಟ್ ಪೂರ್ತಿ ನಿಮ್ಮ ಹಣ. ಕರ್ನಾಟಕದ ಬಿಸಿಲಿನಲ್ಲಿ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದು ಹಿಡಿದು, ನೀವು ಊರಿನಲ್ಲಿದ್ದಾಗಿನ ಬಳಕೆಗೆ ಹೊಂದುವಷ್ಟು ಫಲಕಗಳಿದ್ದರೆ ಸಾಕು.

ಪ್ರಶ್ನೆ: ಕರೆಂಟ್ ಹೋದಾಗ ಒಳ್ಳೆಯ ಬಿಸಿಲಿದ್ದರೂ ಫಲಕಗಳು ಕೆಲಸ ಮಾಡುವುದಿಲ್ಲ. ಹೊಸ ಮೀಟರ್ ಹಾಕಿದ ಮೇಲಿನ ಮೊದಲ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಸೊನ್ನೆ ಇದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿಲ್ಲ. ಮೊದಲನೆಯದು ದೋಷವೇ ಅಲ್ಲ: ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಚಾವಣಿಯಿಂದ ವಿದ್ಯುತ್ ಹರಿದು ಅಪಾಯವಾಗಬಾರದೆಂದು, ಬ್ಯಾಟರಿಯಿಲ್ಲದ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ಲೈನಿನ ವೋಲ್ಟೇಜ್ ಮಿತಿ ಮೀರಿ ಏರಿದಾಗಲೂ ಹೀಗೆಯೇ ಆಗುತ್ತದೆ. ಮಧ್ಯಾಹ್ನದ ಉತ್ಪಾದನೆ ಪದೇ ಪದೇ ಕಡಿಯುತ್ತಿದ್ದರೆ ಆ್ಯಪ್‌ನಲ್ಲಿ ವೋಲ್ಟೇಜ್ ನೋಡಿ ದೂರು ಕೊಡಿ.

ಎರಡನೆಯದು ಬಹುಪಾಲು ಕಚೇರಿಯ ಕೆಲಸ ಬಾಕಿ ಉಳಿದದ್ದು. ಮೀಟರ್ ಬದಲಾದರೂ ನಿಮ್ಮ ಆರ್‌ಆರ್ ನಂಬರನ್ನು ಬಿಲ್ಲಿಂಗ್ ಲೆಕ್ಕದಲ್ಲಿ ಸೌರ ಸ್ಥಾವರವೆಂದು ಬದಲಾಯಿಸದಿದ್ದರೆ ಇಂಪೋರ್ಟಿಗೆ ಮಾತ್ರ ಬಿಲ್ ಬರುತ್ತದೆ. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದರ ನಂತರ ಒಂದು ಬದಲಾಗುತ್ತಿರುತ್ತವೆ. ಬಹಳಷ್ಟು ಮೀಟರ್‌ಗಳಲ್ಲಿ 1.8.0 ಎಂಬ ಗುರುತಿನ ಜೊತೆ ಬರುವುದು ಇಂಪೋರ್ಟ್, 2.8.0 ಜೊತೆ ಬರುವುದು ಎಕ್ಸ್‌ಪೋರ್ಟ್. ಎರಡನ್ನೂ ರೀಡಿಂಗ್ ದಿನ ಫೋಟೊ ತೆಗೆದು, ಒಪ್ಪಂದದ ಪ್ರತಿ ಮತ್ತು ಮೀಟರ್ ಅಳವಡಿಸಿದ ದಿನದ ಆರಂಭಿಕ ರೀಡಿಂಗ್ ಸಹಿತ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಸರಿಹೋಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಯಿದೆ, ಮತ್ತು ಆ ಸ್ವೀಕೃತಿಯೇ ನಿಮ್ಮ ಮುಖ್ಯ ದಾಖಲೆಯಾಗುತ್ತದೆ.