ಇಂಗ್ಲಿಷಿನ ‘ಇಫ್’ ವಾಕ್ಯಗಳು ಎಷ್ಟು ಓದಿದರೂ ಗೊಂದಲವಾಗುತ್ತವೆ. ಕನ್ನಡ ಮಾಧ್ಯಮದವರು ಇವನ್ನು ಹೇಗೆ ಕಲಿಯಬೇಕು?

ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದ್ದೀರಿ, ಈಗ ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸಿದ್ದೀರಿ. ಷರತ್ತಿನ ವಾಕ್ಯಗಳಿಗೆ ಇಂಗ್ಲಿಷ್ ವ್ಯಾಕರಣ ಕೊಡುವ ಜೀರೋ, ಫಸ್ಟ್, ಸೆಕೆಂಡ್, ಥರ್ಡ್ ಎಂಬ ನಾಲ್ಕು ಸೂತ್ರಗಳೂ ಬಾಯಿಪಾಠವಾಗಿವೆ, ಆದರೆ ವಾಕ್ಯ ಎದುರಿಗೆ ಬಂದ ಕೂಡಲೇ ಯಾವುದಕ್ಕೆ ಯಾವ ಸೂತ್ರ ಎಂಬುದೇ ಹೊಳೆಯುವುದಿಲ್ಲ ಎಂದು ಬರೆದಿದ್ದೀರಿ. ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ 19 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಈ ತೊಡಕನ್ನು ಪ್ರತಿ ವರ್ಷವೂ ಹತ್ತಿರದಿಂದ ನೋಡುತ್ತೇನೆ. ನನ್ನ ಅನುಭವದಲ್ಲಿ ತೊಡಕಿರುವುದು ಸೂತ್ರಗಳಲ್ಲಲ್ಲ. ಕನ್ನಡದಲ್ಲಿ ಒಂದೇ ಆಗಿರುವ ರೂಪ ಇಂಗ್ಲಿಷಿಗೆ ಹೋದಾಗ ಎರಡಾಗಿ ಒಡೆಯುತ್ತದೆ. ಆ ಒಡೆಯುವ ಜಾಗ ಎಲ್ಲಿದೆ ಎಂದು ನಮಗೆ ಯಾರೂ ಬೆರಳಿಟ್ಟು ತೋರಿಸುವುದಿಲ್ಲ.

ಇದು ನನಗೆ ಅರ್ಥವಾದದ್ದು ಒಬ್ಬ ಹುಡುಗನಿಂದ. ಮಳೆಗಾಲದ ಒಂದು ಬೆಳಗ್ಗೆ, ಒಂಬತ್ತನೆಯ ತರಗತಿಯ ಮೊದಲ ಪೀರಿಯಡ್ ಅರ್ಧ ಮುಗಿದಿತ್ತು. ಅವನು ಬಾಗಿಲಲ್ಲಿ ಬಂದು ನಿಂತ. ಪ್ಯಾಂಟು ಮೊಣಕಾಲಿನವರೆಗೆ ಕೆಸರು, ಪುಸ್ತಕದ ಚೀಲವನ್ನು ಅಂಗಿಯೊಳಗೆ ಅವಚಿಕೊಂಡಿದ್ದ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷಿನಲ್ಲೇ ಮಾತನಾಡಬೇಕೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಅವನು ಸ್ವಲ್ಪ ಹೊತ್ತು ಪದಗಳನ್ನು ಹುಡುಕಿ, ‘ಮೇಡಂ, ಇಫ್ ಬಸ್ ಕೇಮ್, ಐ ವಾಸ್ ಕಮಿಂಗ್ ಅರ್ಲಿ’ ಎಂದ. ಹಿಂದಿನ ಬೆಂಚಿನವರು ನಕ್ಕರು. ನನಗೆ ಮಾತ್ರ ಆ ಇಂಗ್ಲಿಷಿನ ಹಿಂದಿದ್ದ ಕನ್ನಡ ಸ್ಪಷ್ಟವಾಗಿ ಕೇಳಿಸಿತು: ‘ಬಸ್ ಬಂದಿದ್ದರೆ ಬೇಗ ಬರುತ್ತಿದ್ದೆ.’ ಆ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದು ‘ತ್ತಿದ್ದೆ’ಯ ಕೆಳಗೆ ಗೆರೆ ಎಳೆದೆ. ‘ಬರುತ್ತಿದ್ದೆ’ ಎಂದರೆ ‘ವಾಸ್ ಕಮಿಂಗ್’ ಎಂದು ಅವನಿಗೆ ಕಲಿಸಿದವಳು ನಾನೇ. ಅವನು ಕಲಿಸಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿದ್ದ.

ಕನ್ನಡದ ‘ತ್ತಿದ್ದೆ’ಗೆ ಎರಡು ಕೆಲಸಗಳಿವೆ. ‘ಚಿಕ್ಕವಳಿದ್ದಾಗ ದಿನವೂ ಕೆರೆಗೆ ಹೋಗುತ್ತಿದ್ದೆ’ ಎಂದರೆ ನಿಜವಾಗಿಯೂ ನಡೆದದ್ದು. ‘ನೀನು ಕರೆದಿದ್ದರೆ ಹೋಗುತ್ತಿದ್ದೆ’ ಎಂದರೆ ನಡೆಯದೇ ಹೋದದ್ದು. ಕ್ರಿಯಾಪದ ಒಂದೇ, ಅರ್ಥ ತದ್ವಿರುದ್ಧ. ಆಶ್ಚರ್ಯವೆಂದರೆ ಇಂಗ್ಲಿಷಿನ ‘ವುಡ್’ ಕೂಡ ಇವೆರಡೂ ಕೆಲಸಗಳನ್ನು ಮಾಡುತ್ತದೆ. ಅಜ್ಜಿ ಸಂಜೆಯಾದರೆ ಕಥೆ ಹೇಳುತ್ತಿದ್ದಳು ಎನ್ನಲು ‘ಗ್ರ್ಯಾಂಡ್‌ಮದರ್ ವುಡ್ ಟೆಲ್ ಅಸ್ ಸ್ಟೋರೀಸ್’ ಎನ್ನಬಹುದು. ಹಾಗಾಗಿ ‘ವುಡ್’ ನಮಗೆ ಪರಕೀಯವಲ್ಲ, ನಮ್ಮ ‘ತ್ತಿದ್ದ’ದ ಹತ್ತಿರದ ನೆಂಟ. ‘ವಿಲ್’ನ ಭೂತಕಾಲ ‘ವುಡ್’ ಎಂದಷ್ಟೇ ಹೇಳಿ ಮುಂದೆ ಹೋಗುವುದರಿಂದ ಈ ನೆಂಟಸ್ತಿಕೆ ಮಕ್ಕಳ ಕಣ್ಣಿಗೇ ಬೀಳುವುದಿಲ್ಲ. ನೀವು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ: ‘ಕರೆದಿದ್ದರೆ’ಯ ಕೊನೆಯಲ್ಲಿರುವಂಥ ‘ರೆ’ಯ ನಂತರ ಬರುವ ‘ತ್ತಿದ್ದೆ’, ‘ತ್ತಿದ್ದ’, ‘ತ್ತಿರಲಿಲ್ಲ’ ಎಲ್ಲವೂ ‘ವುಡ್’ ಕಡೆಗೆ ಹೋಗುತ್ತವೆ, ‘ವಾಸ್’ ಕಡೆಗೆ ಅಲ್ಲ.

ಇನ್ನು ‘ರೆ’ಯನ್ನೇ ನೋಡೋಣ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ನಾಳೆಯ ಮಾತು, ಆದರೆ ‘ಬಂದ’ ಎಂಬುದು ಭೂತಕಾಲದ ರೂಪ. ಹೋದರೆ, ಕೊಟ್ಟರೆ, ತಿಂದರೆ, ಎಲ್ಲವೂ ಹಾಗೆಯೇ. ಹಳಗನ್ನಡದ ‘ಬಂದೊಡೆ’, ವಚನಗಳ ‘ಬಂದಡೆ’ ಕೂಡ ಇದೇ ಕಟ್ಟಡ. ಷರತ್ತನ್ನು ಹೇಳುವ ಈ ರೂಪವನ್ನು ನಮ್ಮ ಶಾಲೆಯ ವ್ಯಾಕರಣ ಪಕ್ಷಾರ್ಥಕ ಎನ್ನುತ್ತದೆ. ‘ನಾಳೆ ಮಳೆ ಬರುತ್ತದರೆ’ ಎಂದು ಯಾವ ಮಗುವೂ ಹೇಳುವುದಿಲ್ಲ. ಎಂದರೆ ಷರತ್ತಿನ ಭಾಗದಲ್ಲಿ ಭವಿಷ್ಯತ್ಕಾಲವನ್ನು ಕನ್ನಡವೂ ಒಳಗೆ ಬಿಡುವುದಿಲ್ಲ. ಇಂಗ್ಲಿಷ್ ಅದೇ ಕೆಲಸವನ್ನು ‘ವಿಲ್’ ಅನ್ನು ಹೊರಗೆ ನಿಲ್ಲಿಸಿ ಮಾಡುತ್ತದೆ: ‘ಇಫ್ ಇಟ್ ರೇನ್ಸ್ ಟುಮಾರೋ, ಐ ವಿಲ್ ಸ್ಟೇ ಅಟ್ ಹೋಮ್.’ ಈ ನಿಯಮ ‘ಇಫ್’ಗೆ ಮಾತ್ರವಲ್ಲ. ‘ತಲುಪಿದ ಮೇಲೆ ಫೋನ್ ಮಾಡುತ್ತೇನೆ’ ಎನ್ನುವಾಗಲೂ ನಾವು ‘ತಲುಪುವ ಮೇಲೆ’ ಎನ್ನುವುದಿಲ್ಲ, ಇಂಗ್ಲಿಷಿನವರೂ ‘ವೆನ್ ಐ ವಿಲ್ ರೀಚ್’ ಎನ್ನುವುದಿಲ್ಲ. ‘ವೆನ್ ಐ ರೀಚ್’ ಅಷ್ಟೇ. ಪರೀಕ್ಷೆಯಲ್ಲಿ ತಪ್ಪು ಗುರುತಿಸುವ ಪ್ರಶ್ನೆ ಬಂದರೆ ಮೊದಲು ಹುಡುಕಬೇಕಾದದ್ದು ‘ಇಫ್’ ಇರುವ ಅರ್ಧದಲ್ಲಿ ನುಸುಳಿರುವ ‘ವಿಲ್’ ಮತ್ತು ‘ವುಡ್’ ಅನ್ನು.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ. ‘ಐ ಡೋಂಟ್ ನೋ ಇಫ್ ಹೀ ವಿಲ್ ಕಮ್’ ಎಂದು ಒಳ್ಳೆಯ ಪತ್ರಿಕೆಗಳಲ್ಲೇ ಇರುತ್ತದಲ್ಲ, ಅದು ತಪ್ಪೇ? ತಪ್ಪಲ್ಲ. ಅದನ್ನು ಕನ್ನಡಕ್ಕೆ ತನ್ನಿ: ‘ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ.’ ‘ರೆ’ ಬರಲಿಲ್ಲ, ‘ಓ’ ಬಂತು. ಕನ್ನಡದಲ್ಲಿ ‘ಓ’ ಬರುವ ಕಡೆ ಆ ‘ಇಫ್’ ಸಂಶಯದ್ದು, ಅಲ್ಲಿ ‘ವಿಲ್’ ಇರಬಹುದು. ‘ರೆ’ ಬರುವ ಕಡೆ ಅದು ಷರತ್ತಿನದು, ‘ವಿಲ್’ ಬೇಡ. ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಚೆನ್ನಾಗಿ ಕೆಲಸಕ್ಕೆ ಬಂದ ಪರೀಕ್ಷೆ ಬೇರೊಂದಿಲ್ಲ. ‘ನೀವು ಬರುವುದಾದರೆ ನಾನೂ ಬರುತ್ತೇನೆ’ ಎಂಬ ರೂಪವೊಂದು ನಮ್ಮಲ್ಲಿದೆ, ಎದುರಿನವರ ಮನಸ್ಸನ್ನು ಕೇಳುವ ಮಾತು. ಅದನ್ನು ‘ಇಫ್ ಯು ಆರ್ ಕಮಿಂಗ್’ ಎಂದು ಹೇಳಿಬಿಡಿ, ಸಾಕು.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ. ‘ಈಗ ನನ್ನ ಹತ್ತಿರ ಹಣ ಇದ್ದಿದ್ದರೆ ಕೊಡುತ್ತಿದ್ದೆ.’ ‘ಆಗ ನನ್ನ ಹತ್ತಿರ ಹಣ ಇದ್ದಿದ್ದರೆ ಕೊಡುತ್ತಿದ್ದೆ.’ ‘ಈಗ’, ‘ಆಗ’ ಬಿಟ್ಟರೆ ಒಂದಕ್ಷರವೂ ಬದಲಾಗಿಲ್ಲ. ಕನ್ನಡಕ್ಕೆ ಹೇಳಬೇಕಾದದ್ದು ಒಂದೇ: ಹಣ ಇಲ್ಲ, ಕೊಡಲಿಲ್ಲ. ಯಾವಾಗ ಇರಲಿಲ್ಲ ಎಂಬುದನ್ನು ಅದು ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಮೊದಲನೆಯದು ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್.’ ಎರಡನೆಯದು ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್.’ ಮೊದಲನೆಯದು ಸೆಕೆಂಡ್, ಎರಡನೆಯದು ಥರ್ಡ್. ನೀವು ಸೂತ್ರ ಗೊತ್ತಿದ್ದೂ ತಡವರಿಸುವುದು ಇದೇ ಜಾಗದಲ್ಲಿ ಎಂದು ನನ್ನ ಊಹೆ. ನಿಮ್ಮ ತಲೆಯಲ್ಲಿ ಒಂದೇ ಪೆಟ್ಟಿಗೆ ಇದೆ, ಇಂಗ್ಲಿಷ್ ಎರಡು ಪೆಟ್ಟಿಗೆ ಕೇಳುತ್ತಿದೆ. ಅದಕ್ಕೇ ಬರೆಯುವ ಮೊದಲು ಕನ್ನಡ ವಾಕ್ಯಕ್ಕೆ ‘ಈಗ’ ಅಥವಾ ‘ಆಗ’ ಸೇರಿಸಿ ನೋಡಿ. ‘ಈಗ’ ಹೊಂದಿದರೆ ಒಂದು ಹೆಜ್ಜೆ ಹಿಂದೆ: ‘ಹ್ಯಾಡ್’, ‘ವುಡ್ ಗಿವ್’. ‘ಆಗ’ ಹೊಂದಿದರೆ ಇನ್ನೂ ಒಂದು ಹೆಜ್ಜೆ ಹಿಂದೆ: ‘ಹ್ಯಾಡ್ ಹ್ಯಾಡ್’, ‘ವುಡ್ ಹ್ಯಾವ್ ಗಿವನ್’. ‘ಹ್ಯಾಡ್ ಹ್ಯಾಡ್’ ಅಚ್ಚಿನ ತಪ್ಪಲ್ಲ. ನಮ್ಮ ‘ಇದ್ದಿದ್ದರೆ’ಯಲ್ಲಿ ‘ಇದ್ದ’ ಎರಡು ಸಲ ಬಂದಿರುವುದನ್ನು ನೋಡಿದರೆ ಆ ಭಯ ಹೋಗುತ್ತದೆ.

ಹಿಂದಕ್ಕೆ ಹೋಗುವ ಮೊದಲ ಹೆಜ್ಜೆ ಕಾಲದ್ದಲ್ಲ, ನಿಜದಿಂದ ದೂರ ಸರಿಯುವ ಹೆಜ್ಜೆ. ‘ಇಫ್ ಐ ವರ್ ಯು’ ಎಂಬಲ್ಲಿ ‘ಐ’ಗೆ ‘ವರ್’ ಬರುವುದೂ ಅದಕ್ಕೇ, ‘ಇದು ಬರೀ ಊಹೆ’ ಎಂಬ ಗುರುತು ಅದು. ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಎಂದು ನಾವು ಹೇಳುವುದೂ ಇದನ್ನೇ.

ಫಸ್ಟ್ ಮತ್ತು ಸೆಕೆಂಡ್ ನಡುವೆ ಇನ್ನೊಂದು ಸಣ್ಣ ಒಡಕಿದೆ. ‘ಸಂಬಳ ಬಂದರೆ ಫೋನ್ ಕೊಳ್ಳುತ್ತೇನೆ’, ‘ನಿಧಿ ಸಿಕ್ಕರೆ ಮನೆ ಕಟ್ಟಿಸುತ್ತೇನೆ’ ಎರಡಕ್ಕೂ ಕನ್ನಡದಲ್ಲಿ ಅದೇ ‘ರೆ’. ಇಂಗ್ಲಿಷ್ ಮಾತ್ರ ‘ಇದು ಆಗುವ ಮಾತೋ ಆಗದ ಮಾತೋ’ ಎಂದು ಕೇಳುತ್ತದೆ. ಸಂಬಳಕ್ಕೆ ‘ಇಫ್ ಐ ಗೆಟ್... ಐ ವಿಲ್’, ನಿಧಿಗೆ ‘ಇಫ್ ಐ ಫೌಂಡ್... ಐ ವುಡ್’. ಗಾದೆಗಳನ್ನು ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡುವುದು ನನಗೆ ಬಹಳ ಇಷ್ಟ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದೆಂದಿಗೂ ನಿಜ, ಆದ್ದರಿಂದ ಜೀರೋ, ಎರಡೂ ಕಡೆ ವರ್ತಮಾನ. ‘ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ’ ಆಗುವ ಮಾತಲ್ಲ, ಆದ್ದರಿಂದ ಸೆಕೆಂಡ್. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬಲ್ಲಿ ‘ರೆ’ ಹೋಗಿ ‘ರೂ’ ಬಂದಿದೆ, ಅದು ‘ಈವನ್ ಇಫ್’. ಒಂದು ದೀರ್ಘ ಸ್ವರ ಮಾಡುವ ಕೆಲಸಕ್ಕೆ ಇಂಗ್ಲಿಷಿಗೆ ಎರಡು ಪದ ಬೇಕಾಗುತ್ತದೆ.

‘ಅನ್‌ಲೆಸ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ‘ಓದದಿದ್ದರೆ’ಯಲ್ಲಿರುವ ಆ ‘ಅದಿದ್ದರೆ’. ನಿಷೇಧ ಅದರ ಹೊಟ್ಟೆಯಲ್ಲೇ ಇದೆ, ಮೇಲೆ ಇನ್ನೊಂದು ‘ನಾಟ್’ ಹಾಕಿದರೆ ಅರ್ಥ ತಿರುಗುಮುರುಗಾಗುತ್ತದೆ. ‘ಇಫ್’ ಅರ್ಧ ಮೊದಲು ಬಂದರೆ ನಡುವೆ ಅಲ್ಪವಿರಾಮ ಹಾಕಿ, ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. ಕೆಲವೊಮ್ಮೆ ‘ಇಫ್’ ಕಾಣಿಸುವುದೇ ಇಲ್ಲ: ‘ಹ್ಯಾಡ್ ಐ ನೋನ್’, ‘ಶುಡ್ ಯು ನೀಡ್ ಹೆಲ್ಪ್’. ಕಚೇರಿ ಪತ್ರಗಳಲ್ಲೂ ಪ್ರಶ್ನೆಪತ್ರಿಕೆಗಳಲ್ಲೂ ಇವು ಸಿಗುತ್ತವೆ. ಪ್ರಶ್ನೆಯಂತೆ ಶುರುವಾಗಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ ಮುಗಿದರೆ ಅಲ್ಲೊಂದು ‘ಇಫ್’ ಅಡಗಿದೆ ಎಂದು ತಿಳಿಯಿರಿ. ಕೇಳುವಾಗ ‘ಐಡ್’ ಎಂಬ ಧ್ವನಿ ಗೊಂದಲ ಮಾಡುತ್ತದೆ. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಎಂಬಲ್ಲಿ ಮೊದಲ ‘ಐಡ್’ ‘ಐ ಹ್ಯಾಡ್’, ಎರಡನೆಯದು ‘ಐ ವುಡ್’.

ಅಭ್ಯಾಸ ಹೇಗೆ ಎಂದು ಕೇಳಿದ್ದೀರಿ. ಬಿಟ್ಟ ಸ್ಥಳ ತುಂಬುವ ನೂರು ಪ್ರಶ್ನೆಗಳಿಗಿಂತ ನಿಮ್ಮದೇ ದಿನದ ಮೂರು ವಾಕ್ಯಗಳು ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು ನೂರು ಪುಟದ ನೋಟ್‌ಬುಕ್ ಇಡಿ. ರಾತ್ರಿ ಮಲಗುವ ಮೊದಲು ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಒಂದು ವಾಕ್ಯ ‘ನಾಳೆ’ಯದು: ‘ನಾಳೆ ಕರೆಂಟ್ ಇದ್ದರೆ ಐದು ಗಂಟೆಗೆ ಎದ್ದು ಓದುತ್ತೇನೆ.’ ಒಂದು ‘ಈಗಿನ’ದು: ‘ಈಗ ನನಗೊಂದು ಬೇರೆ ಕೋಣೆ ಇದ್ದಿದ್ದರೆ ಗಟ್ಟಿಯಾಗಿ ಓದುತ್ತಿದ್ದೆ.’ ಒಂದು ‘ಆಗಿನ’ದು: ‘ಬೆಳಗ್ಗೆ ಛತ್ರಿ ಒಯ್ದಿದ್ದರೆ ಪುಸ್ತಕ ನೆನೆಯುತ್ತಿರಲಿಲ್ಲ.’ ಮೂರನ್ನೂ ಇಂಗ್ಲಿಷಿನಲ್ಲಿ ಬರೆದ ಮೇಲೆ ಬಾಯಿಬಿಟ್ಟು ಓದಿ. ‘ಆಗಿನ’ ವಾಕ್ಯ ಮೊದಮೊದಲು ನಾಲಿಗೆಗೆ ಭಾರ ಎನಿಸುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಅದು ಹಗುರವಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ಅಷ್ಟರೊಳಗೆ ಬಿಡಬೇಡಿ. ಇಂತಹ ವಾಕ್ಯಗಳು ನೆನಪಿನಲ್ಲಿ ಉಳಿಯುವುದು ಅವುಗಳ ಹಿಂದೆ ನಿಜವಾದ ಒದ್ದೆ ಪುಸ್ತಕ ಇರುವುದರಿಂದ.

ಜೊತೆಗೆ ಓದುವ ಗೆಳತಿಯಿದ್ದರೆ ಸರಪಳಿ ಆಟ ಆಡಿ. ನಮ್ಮ ತರಗತಿಯಲ್ಲಿ ಮಳೆಗಾಲದಲ್ಲಿ ಅದು ತಾನಾಗಿಯೇ ಶುರುವಾಗುತ್ತದೆ. ಒಬ್ಬಳು ‘ಇಫ್ ಇಟ್ ರೇನ್ಸ್, ದ ಸ್ಟ್ರೀಮ್ ವಿಲ್ ರೈಸ್’ ಎನ್ನುತ್ತಾಳೆ. ಮುಂದಿನವಳು ಅವಳ ಕೊನೆಯನ್ನು ಹಿಡಿದು ‘ಇಫ್ ದ ಸ್ಟ್ರೀಮ್ ರೈಸಸ್, ದ ಬಸ್ ವಿಲ್ ನಾಟ್ ಕಮ್’ ಎನ್ನುತ್ತಾಳೆ. ಬಸ್ ಬರದಿದ್ದರೆ ಶಾಲೆ ಇಲ್ಲ, ಶಾಲೆ ಇಲ್ಲದಿದ್ದರೆ ಬಿಸಿಯೂಟ ಇಲ್ಲ ಎಂದು ಕೊನೆಯ ಬೆಂಚಿನವರೆಗೆ ಸಾಗುತ್ತದೆ. ‘ವಿಲ್ ರೈಸ್’ ಎಂದದ್ದು ‘ಇಫ್’ ಪಕ್ಕಕ್ಕೆ ಬಂದ ಕೂಡಲೇ ‘ರೈಸಸ್’ ಆಗುವುದನ್ನು ನಾಲಿಗೆ ಹತ್ತಾರು ಸಲ ಮಾಡುತ್ತದೆ, ಸೂತ್ರ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಅದೇ ಸರಪಳಿಯನ್ನು ‘ಕಳೆದ ವರ್ಷ ಮಳೆ ಬಂದಿದ್ದರೆ’ ಎಂದು ಶುರುಮಾಡಿ, ಮೊದಲಿನಿಂದ ಕೊನೆಯವರೆಗೆ ‘ಹ್ಯಾಡ್’ ಮತ್ತು ‘ವುಡ್ ಹ್ಯಾವ್’ ಹಾಕಿಕೊಂಡು ಹೋಗಿ. ಅದು ನಿಧಾನ, ನಡುವೆ ನಿಂತು ನಿಂತು ಹೋಗಬೇಕಾಗುತ್ತದೆ. ಹಾಗೆ ನಿಂತ ಜಾಗದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಒಂದು ವಿಷಯ ಉಳಿಯಿತು. ವಾಕ್ಯದ ಎರಡು ಅರ್ಧಗಳೂ ಒಂದೇ ಕಾಲದವಾಗಿರಬೇಕೆಂದಿಲ್ಲ. ಆಗ ಮಾಡಿದ ಅಥವಾ ಮಾಡದ ಕೆಲಸದ ಫಲ ಈಗಲೂ ನಮ್ಮ ಜೊತೆ ಇರಬಹುದು. ಅಂಥ ವಾಕ್ಯದಲ್ಲಿ ಪ್ರತಿ ಅರ್ಧಕ್ಕೂ ಬೇರೆಬೇರೆಯಾಗಿ ‘ಈಗ’ವೋ ‘ಆಗ’ವೋ ಎಂದು ಕೇಳಿ, ಆಯಾ ಅರ್ಧಕ್ಕೆ ಸಲ್ಲುವ ರೂಪ ಕೊಟ್ಟರಾಯಿತು. ಅದೇ ಹುಡುಗನ ಮಾತನ್ನು ಸ್ವಲ್ಪ ಬದಲಿಸಿ ನಿಮಗೆ ಕೊಡುತ್ತೇನೆ: ‘ಆಗ ಬಸ್ ಬಂದಿದ್ದರೆ ಈಗ ನಾನು ತರಗತಿಯೊಳಗೆ ಇರುತ್ತಿದ್ದೆ.’ ಇದನ್ನು ಇಂಗ್ಲಿಷಿಗೆ ತಂದು ಬರೆದು ಕಳಿಸಿ. ತಪ್ಪಿದ್ದರೆ ಎಲ್ಲಿ ಎಂದು ಗೆರೆ ಎಳೆದು ತೋರಿಸುತ್ತೇನೆ.