ಬೆಳಿಗ್ಗೆ ಮೊದಲನೇ ಸ್ಟಾರ್ಟ್‌ಗೆ ಗಾಡಿ ಯಾಕೆ ನಡುಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೂಡಿಗೆರೆ ಹತ್ರ ಒಂದು ಶಾಲೇಲಿ ಟೀಚರ್. ಹೋದ ಮಾರ್ಚ್‌ನಲ್ಲಿ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡ್ವಿ, 2014ರ ಮಾಡೆಲ್, 1.2 ಲೀಟರ್, 71,000 ಕಿಲೋಮೀಟರ್ ಓಡಿದೆ. ಮಳೆಗಾಲ ಮುಗಿಯೋ ತನಕ ಏನೂ ತೊಂದ್ರೆ ಕಾಣ್ಲಿಲ್ಲ. ನವೆಂಬರ್ ಬಂದಿದ್ದೇ ಶುರು ಆಯ್ತು ನೋಡಿ, ಬೆಳಿಗ್ಗೆ ಏಳಕ್ಕೆ ಸೆಲ್ಫ್ ಹೊಡೆದ್ರೆ ನಾಲ್ಕೈದು ಸೆಕೆಂಡ್ ತಿರುಗಿ ಆಮೇಲೆ ಸ್ಟಾರ್ಟ್ ಆಗುತ್ತೆ, ಆದ್ಮೇಲೆ ಸ್ಟೇರಿಂಗ್ ಎಲ್ಲ ಗಡಗಡ ನಡುಗುತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಏರೋ ಬದ್ಲು ಕೆಮ್ಮಿದ ಹಾಗೆ ಮಾಡಿ ಒಂದೊಂದ್ಸಲ ಆಫೇ ಆಗ್ಬಿಡುತ್ತೆ. ಎರಡು ಮೂರು ನಿಮಿಷ ಆದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ. ಮಧ್ಯಾಹ್ನ, ಸಂಜೆ ಸಮಸ್ಯೆನೇ ಇಲ್ಲ. ಚೆಕ್ ಇಂಜಿನ್ ಲೈಟ್ ಬಂದಿಲ್ಲ, ಹೊಗೆ ಇಲ್ಲ, ಪೆಟ್ರೋಲ್ ವಾಸನೆನೂ ಇಲ್ಲ. ಇಲ್ಲಿ ತನಕ ನಾಲ್ಕು ಪ್ಲಗ್, ಏರ್ ಫಿಲ್ಟರ್, ಬ್ಯಾಟರಿ ಎಲ್ಲ ಹೊಸದು ಹಾಕಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ಒಂಬತ್ತು ಸಾವಿರ ಮೇಲೆ ಖರ್ಚಾಯ್ತು. ಈಗ ಪೆಟ್ರೋಲ್ ಚಿಮ್ಮಿಸೋ ನಾಲ್ಕೂ ಇಂಜೆಕ್ಟರ್ ಬದಲಾಯಿಸ್ಬೇಕು ಅಂತ ಮೆಕ್ಯಾನಿಕ್ ಹೇಳ್ತಿದಾರೆ. ಮಾಡಿಸ್ಲಾ?

ಉತ್ತರ: ಮೇಡಂ, ಇಂಜೆಕ್ಟರ್ ಈಗ್ಲೇ ಬೇಡ. ಪರೀಕ್ಷೆ ಮಾಡದೆ ಇನ್ನೊಂದು ಸಾಮಾನೂ ಹೊಸದು ಹಾಕಿಸ್ಬೇಡಿ, ದಯವಿಟ್ಟು. ನಿಮ್ಮ ಮೆಕ್ಯಾನಿಕ್‌ನ ನಾನು ದೂರಲ್ಲ, ನೀವು ಗಾಡಿ ಓಡಿಸ್ಕೊಂಡು ಅವರ ಗ್ಯಾರೇಜಿಗೆ ಹೋಗೋ ಹೊತ್ತಿಗೆ ಇಂಜಿನ್ ಬಿಸಿಯಾಗಿ ಕಾಯಿಲೆ ಮಾಯ ಆಗಿರುತ್ತೆ, ಅವರು ನೋಡೋದು ಚೆನ್ನಾಗಿರೋ ಗಾಡಿನ, ಆಮೇಲೆ ಊಹೆ ಮೇಲೆ ಒಂದೊಂದೇ ಬದಲಾಯಿಸ್ತಾ ಹೋಗ್ತಾರೆ. ಈ ತೊಂದ್ರೆ ಬದುಕಿರೋದೇ ಬೆಳಗಿನ ಮೊದಲ ಎರಡು ನಿಮಿಷ. ಅದನ್ನ ನೋಡೋ ಅವಕಾಶ ಇರೋದು ನಿಮಗೆ. ಇಲ್ಲಾಂದ್ರೆ ಹಿಂದಿನ ದಿನ ಸಂಜೆನೇ ಗಾಡಿ ಗ್ಯಾರೇಜಲ್ಲಿ ಬಿಟ್ಟು, ಬೆಳಿಗ್ಗೆ ನಾನು ಬರೋ ತನಕ ಯಾರೂ ಕೀ ತಿರುಗಿಸ್ಬೇಡಿ ಅಂತ ಹೇಳಿ ಬರ್ಬೇಕು.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ, ಗೊತ್ತಿದ್ರೆ ಪರೀಕ್ಷೆ ಸುಲಭ. ಚಳೀಲಿ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಇಂಜೆಕ್ಟರ್ ಚಿಮ್ಮಿಸಿದ್ರಲ್ಲಿ ಒಂದಷ್ಟು ತಣ್ಣಗಿರೋ ಪೋರ್ಟ್ (ಗಾಳಿ ಇಂಜಿನ್ ಒಳಗೆ ಹೋಗೋ ದಾರಿ) ಗೋಡೆಗೆ ಹನಿಯಾಗಿ ಅಂಟ್ಕೊಂಡು ಬಿಡುತ್ತೆ. ಅದಕ್ಕೇ ಮೊದಲ ಒಂದೆರಡು ನಿಮಿಷ ಜಾಸ್ತಿ ಪೆಟ್ರೋಲ್ ಕೊಡ್ಬೇಕು. ಹಳೇ ಕಾರ್ಬುರೇಟರ್ ಗಾಡೀಲಿ ನಾವೇ ಚೋಕ್ ಎಳೀತಿದ್ವಿ, ಈಗ ಆ ಕೆಲಸ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಮಾಡುತ್ತೆ. ಎಷ್ಟು ಜಾಸ್ತಿ ಕೊಡ್ಬೇಕು ಅನ್ನೋದನ್ನ ಅದು ಮುಖ್ಯವಾಗಿ ಕೂಲೆಂಟ್ (ಇಂಜಿನ್ ತಣ್ಣಗಿಡೋ ನೀರು) ಟೆಂಪರೇಚರ್ ಸೆನ್ಸರ್ ನೋಡಿ ತೀರ್ಮಾನ ಮಾಡುತ್ತೆ. ಮಿಶ್ರಣ ಸರಿ ಇದ್ಯಾ ಅಂತ ತಿರುಗಿ ಹೇಳೋಕೆ ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಆದ್ರೆ ಅದು ಕಾದ್ರೇನೇ ಕೆಲಸ ಮಾಡೋದು. ಕಾಯೋ ತನಕ ಇಸಿಯು ಕೂಲೆಂಟ್ ಸೆನ್ಸರ್ ಹೇಳಿದ್ದನ್ನೇ ನಂಬ್ಕೊಂಡು ಹೋಗುತ್ತೆ. ಆಮೇಲೆ ಆಕ್ಸಿಜನ್ ಸೆನ್ಸರ್ ಎದ್ದು ತಪ್ಪನ್ನ ತಿದ್ದುತ್ತೆ. ನಿಮ್ಮ ಗಾಡಿ ಮೂರು ನಿಮಿಷಕ್ಕೆ ಸರಿ ಹೋಗೋದು ಇದಕ್ಕೇ ಇರ್ಬೋದು ಅಂತ ನನ್ನ ಅನುಮಾನ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಸ್ಟಾರ್ಟ್ ಮಾಡೋ ಮುಂಚೆ ಕೀ ಆನ್ ಮಾತ್ರ ಮಾಡಿ, ಸೆಲ್ಫ್ ಹೊಡೀಬೇಡಿ. ಹಿಂದಿನ ಸೀಟ್ ಕಡೆಯಿಂದ ಎರಡು ಸೆಕೆಂಡ್ ಸಣ್ಣಗೆ ಝೂಂ ಅಂತ ಸದ್ದು ಬರುತ್ತೆ, ಅದು ಪೆಟ್ರೋಲ್ ಪಂಪು. ಆಫ್ ಮಾಡಿ, ಮತ್ತೆ ಆನ್, ಹೀಗೆ ಮೂರು ಸಲ. ಆಮೇಲೆ ಸೆಲ್ಫ್ ಹೊಡೀರಿ. ಥಟ್ ಅಂತ ಸ್ಟಾರ್ಟ್ ಆಯ್ತು ಅಂದ್ರೆ ರಾತ್ರಿ ಎಲ್ಲ ಲೈನಲ್ಲಿ ಪ್ರೆಶರ್ ಇಳೀತಾ ಇದೆ ಅಂತ ಅರ್ಥ, ಪಂಪ್ ಒಳಗಿನ ವಾಲ್ವ್ ಹಿಡೀತಿಲ್ಲ ಅಥವಾ ಯಾವುದೋ ಇಂಜೆಕ್ಟರ್ ಸೋರ್ತಾ ಇದೆ. ಇಂಜೆಕ್ಟರ್ ಸೋರಿದ್ರೆ ಸಾಮಾನ್ಯವಾಗಿ ಮೊದಲ ಸ್ಟಾರ್ಟ್‌ಗೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇರುತ್ತೆ, ಪ್ಲಗ್ ಬಿಚ್ಚಿದ್ರೆ ಒಂದು ಮಾತ್ರ ಒದ್ದೆಯಾಗಿ ಕಪ್ಪಗಿರುತ್ತೆ. ನಿಮಗೆ ಅವೆರಡೂ ಇಲ್ಲ ಅಂದಿದೀರಿ, ಅದಕ್ಕೇ ಇಂಜೆಕ್ಟರ್ ಬೇಡ ಅಂದೆ. ಮೂರು ಸಲ ಆನ್ ಆಫ್ ಮಾಡಿದ್ರೂ ಅದೇ ನಡುಕ ಅಂದ್ರೆ ಮುಂದಕ್ಕೆ ಹೋಗಿ.

ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೆ ಇಸಿಯು ಒಳಗಿನ ರೀಡಿಂಗ್ ತೋರಿಸೋ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಸಿಗುತ್ತೆ, ಇಎಲ್‌ಎಂ 327 ಅಂತ ಹುಡುಕಿ. ಸ್ಟೇರಿಂಗ್ ಕೆಳಗಿರೋ ಸಾಕೆಟ್‌ಗೆ ಚುಚ್ಚಿ ಮೊಬೈಲಲ್ಲೇ ನೋಡ್ಬೋದು. ಕಮ್ಮಿ ಅಂದ್ರೆ ಎಂಟು ಗಂಟೆ ನಿಂತಿರೋ ಗಾಡೀಲಿ, ಸೆಲ್ಫ್ ಹೊಡೆಯೋ ಮುಂಚೆ, ಕೀ ಆನ್ ಮಾಡಿ ಎರಡೇ ಎರಡು ನಂಬರ್ ನೋಡಿ: ಕೂಲೆಂಟ್ ಟೆಂಪರೇಚರ್, ಇಂಟೇಕ್ ಏರ್ ಟೆಂಪರೇಚರ್. ರಾತ್ರಿಯೆಲ್ಲ ನಿಂತ ಮೇಲೆ ನೀರೂ ಒಂದೇ ಗಾಳಿನೂ ಒಂದೇ, ಎರಡೂ ಹೊರಗಿನ ಚಳಿಯಷ್ಟೇ ತೋರಿಸ್ಬೇಕು, ನಾಲ್ಕೈದು ಡಿಗ್ರಿ ಆಚೆ ಈಚೆ ಪರವಾಗಿಲ್ಲ. ಗಾಳಿ 14 ತೋರಿಸಿ ಕೂಲೆಂಟ್ 40, 50 ತೋರಿಸ್ತು ಅಂದ್ರೆ ಕಳ್ಳ ಸಿಕ್ಕ. ಇನ್ನೊಂದು, ನಿಮ್ಮ ಗಾಡೀಲಿ ಟೆಂಪರೇಚರ್ ಮುಳ್ಳಿನ ಬದ್ಲು ಇಂಜಿನ್ ತಣ್ಣಗಿದೆ ಅಂತ ತೋರಿಸೋ ನೀಲಿ ದೀಪ ಇದ್ರೆ ಅದು ಎಷ್ಟು ಹೊತ್ತು ಉರಿಯುತ್ತೆ ಅಂತ ವಾಚ್ ಇಟ್ಕೊಂಡು ನೋಡಿ. ಚಳೀಲಿ ಅದು ಕೆಲವು ನಿಮಿಷ ಆದ್ರೂ ಇರ್ಬೇಕು.

ಮಲೆನಾಡಲ್ಲಿ ನಾನು ಮರೆಯದೆ ಹೇಳೋದು ಇಲಿ ವಿಷಯ. ತೋಟದ ಮನೆ ಶೆಡ್ಡಲ್ಲಿ ನಿಲ್ಲಿಸೋ ಗಾಡಿಗೆ ಬೆಚ್ಚಗಿರೋ ಇಂಜಿನ್ ಮೇಲೆ ಇಲಿ ಬಂದು ಕೂರುತ್ತೆ, ಸಣ್ಣ ವ್ಯಾಕ್ಯೂಮ್ ಪೈಪು, ವೈರು ಕಡಿಯುತ್ತೆ. ಪೈಪಲ್ಲಿ ತೂತಾದ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಇದೇ ಥರ ನಡುಗುತ್ತೆ. ಟಾರ್ಚ್ ಹಿಡಿದು ಬಾನೆಟ್ ಕೆಳಗಿನ ರಬ್ಬರ್ ಪೈಪುಗಳನ್ನ ಒಂದೊಂದಾಗಿ ಬೆರಳಲ್ಲಿ ಬಗ್ಗಿಸಿ ನೋಡಿ, ಹಳೇ ರಬ್ಬರ್ ಗಟ್ಟಿಯಾಗಿ ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತೆ, ಸುಮ್ನೆ ಕಣ್ಣಲ್ಲಿ ನೋಡಿದ್ರೆ ಕಾಣಲ್ಲ.

ಕೊನೇದಾಗಿ, ಇದನ್ನ ಮಾತ್ರ ನಿರ್ಲಕ್ಷ್ಯ ಮಾಡ್ಬೇಡಿ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ಡಬ್ಬದ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಹಾಕಿ, ಹತ್ತು ದಿನ ಬಿಟ್ಟು ಮತ್ತೆ ನೋಡಿ. ಹಿಂದಿನ ಓನರ್ ಯಾವಾಗ್ಲೋ ಗಾಡಿ ಓವರ್‌ಹೀಟ್ ಮಾಡ್ಕೊಂಡಿದ್ರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮೇಲಿರೋ ಸೀಲ್) ಸಣ್ಣಗೆ ಬಿಟ್ಟಿರ್ಬೋದು, ಹಾಗಿದ್ರೆ ರಾತ್ರಿ ಒಂದು ಸಿಲಿಂಡರ್ ಒಳಗೆ ಕೂಲೆಂಟ್ ತೊಟ್ಟಿಕ್ಕಿ ಬೆಳಿಗ್ಗೆ ಆ ಸಿಲಿಂಡರ್ ಒಂದು ನಿಮಿಷ ಮಿಸ್ ಹೊಡಿಯುತ್ತೆ. ಸೈಲೆನ್ಸರಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬಿಸಿಯಾದ್ಮೇಲೂ ನಿಲ್ಲಲ್ಲ. ಚಳಿಗೆ ಎಲ್ಲ ಗಾಡೀಲೂ ಸ್ವಲ್ಪ ಬಿಳಿ ಆವಿ ಬರುತ್ತೆ, ಅದಕ್ಕೆ ಹೆದರ್ಬೇಡಿ. ಆದ್ರೆ ಮಟ್ಟ ಇಳೀತಾ ಇದ್ರೆ ಓಡಿಸೋದು ನಿಲ್ಲಿಸಿ ತೋರಿಸಿ, ಇಲ್ಲಾಂದ್ರೆ ಇಂಜಿನ್ನೇ ಹೋಗುತ್ತೆ.

ಅದೇ ಓದುಗರಿಂದ ಮತ್ತೆ: ಸರ್, ನೀವು ಹೇಳಿದ ಹಾಗೇ ಮಾಡಿದೆ. ಮೂರು ಸಲ ಕೀ ಆನ್ ಆಫ್ ಮಾಡಿದ್ರೂ ವ್ಯತ್ಯಾಸ ಆಗ್ಲಿಲ್ಲ. ಸ್ಕ್ಯಾನರಲ್ಲಿ ಗಾಳಿ 14 ಡಿಗ್ರಿ, ಕೂಲೆಂಟ್ 51! ಮೂರು ದಿನ ಬೆಳಿಗ್ಗೆ ನೋಡಿದೆ, ಒಂದು ದಿನ 49, ಇನ್ನೊಂದು ದಿನ 52. ನೀಲಿ ದೀಪ ಒಂದು ನಿಮಿಷದ ಒಳಗೇ ಆರ್ತಿತ್ತು, ಬೇಗ ಬಿಸಿ ಆಗುತ್ತಲ್ಲ ಒಳ್ಳೇ ಇಂಜಿನ್ನು ಅಂತ ನಾನು ಅಂದ್ಕೊಂಡಿದ್ದೆ. ಕೂಲೆಂಟ್ ಗೆರೆ ಇಳಿದಿಲ್ಲ. ಸೆನ್ಸರ್ ಹಾಕಿಸ್ಬಿಡ್ಲಾ? ಬಿಸಿಯಾದ್ಮೇಲೆ ರೀಡಿಂಗ್ ಸರಿಯಾಗೇ ಇದೆಯಲ್ಲ, ಅದು ಹೇಗೆ?

ಉತ್ತರ: ಬಹಳ ಒಳ್ಳೇ ಕೆಲಸ ಮಾಡಿದೀರಿ ಮೇಡಂ, ಮೂರು ದಿನ ಬರೆದಿಟ್ಟಿದ್ದಂತೂ ತುಂಬಾ ಖುಷಿ ಆಯ್ತು. ಹೊರಗೆ 14 ಡಿಗ್ರಿ ಚಳಿ, ಇಸಿಯುಗೆ ಬಂದ ಸುದ್ದಿ 51. ಅದು ಅರ್ಧ ಬಿಸಿಯಾದ ಇಂಜಿನ್‌ಗೆ ಕೊಡೋ ಅಷ್ಟು ಪೆಟ್ರೋಲ್ ಕೊಡ್ತಾ ಇದೆ, ಗಾಡಿಗೆ ಸಾಲ್ತಾ ಇಲ್ಲ, ಕೆಮ್ಮುತ್ತೆ. 51 ಅನ್ನೋದು ಇಂಜಿನ್‌ಗೆ ಇರಬಾರದ ಸಂಖ್ಯೆ ಏನಲ್ಲ, ಅದಕ್ಕೇ ಎಷ್ಟೋ ಗಾಡೀಲಿ ಚೆಕ್ ಲೈಟ್ ಬರಲ್ಲ.

ಸೆನ್ಸರ್ ತರೋ ಮುಂಚೆ ಅದರ ಕನೆಕ್ಟರ್ ಬಿಚ್ಚಿ ನೋಡಿಸಿ. ಈ ಸೆನ್ಸರ್ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದ ಹಾಗೆ ಕಮ್ಮಿ. ಬಹಳಷ್ಟು ಗಾಡೀಲಿ 20 ಡಿಗ್ರಿಗೆ ಎರಡೂವರೆ ಸಾವಿರ ಓಮ್ ಸುಮಾರು, 80ಕ್ಕೆ ಮುನ್ನೂರರ ಆಸುಪಾಸು. ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ನೀರು ಸೇರಿ ಎರಡು ಪಿನ್ ಮಧ್ಯೆ ಹಸಿರು ಕಿಲುಬು ಕಟ್ಟಿದ್ರೆ ಕರೆಂಟ್ ಅದರ ಮೂಲಕನೂ ಹರಿಯುತ್ತೆ, ಒಟ್ಟು ರೆಸಿಸ್ಟೆನ್ಸ್ ಇಳಿಯುತ್ತೆ, ಇಸಿಯು ಅದನ್ನ ಬಿಸಿ ಅಂತ ಓದುತ್ತೆ. ಸೆನ್ಸರ್ ಬಿಸಿಯಾಗಿ ಅದರದ್ದೇ ರೆಸಿಸ್ಟೆನ್ಸ್ ಮುನ್ನೂರಕ್ಕೆ ಬಂದ್ಮೇಲೆ ಈ ಕಳ್ಳದಾರೀಲಿ ಹೋಗೋ ಕರೆಂಟ್ ಅಷ್ಟು ಲೆಕ್ಕಕ್ಕೆ ಬರಲ್ಲ. ಬಿಸೀಲಿ ರೀಡಿಂಗ್ ಹೆಚ್ಚುಕಮ್ಮಿ ಸರಿ ಕಾಣೋದು ಅದಕ್ಕೆ. ನನ್ನದೇ ಹಳೇ ಗಾಡೀಲಿ ಇದೇ ಆಗಿತ್ತು. ಪ್ಲಾಸ್ಟಿಕ್ ಕ್ಲಿಪ್ ಒತ್ತಿ ಎಳೆದಾಗ ಒಳಗಿನ ರಬ್ಬರ್ ಸೀಲ್ ಎರಡು ತುಂಡಾಗಿ ಕೈಗೆ ಬಂತು, ಪಿನ್ ಬುಡದಲ್ಲಿ ಸಾಸಿವೆ ಕಾಳಷ್ಟು ಹಸಿರು ಪುಡಿ, ಅಷ್ಟೇ. ಅಷ್ಟಕ್ಕೆ ನಾನು ಆರು ವಾರ ಪರದಾಡಿದ್ದೆ.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಟೂತ್ ಬ್ರಷ್‌ನಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿ ಮಾರನೇ ದಿನ ಬೆಳಿಗ್ಗೆ ಮತ್ತೆ ಎರಡು ನಂಬರ್ ನೋಡಿ. ಹತ್ರ ಹತ್ರ ಬಂದ್ರೆ ಸೀಲ್ ಸಮೇತ ಹೊಸ ಕನೆಕ್ಟರ್ ಹಾಕಿಸಿ, ಇಲ್ಲಾಂದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಬರಲಿಲ್ಲ ಅಂದ್ರೆ ಆಗ ಸೆನ್ಸರ್, ಅದೇನೂ ದುಬಾರಿ ಸಾಮಾನಲ್ಲ. ಬದಲಾಯಿಸೋದು ಮಾತ್ರ ಇಂಜಿನ್ ತಣ್ಣಗಿದ್ದಾಗ, ಬಿಸೀಲಿ ಬಿಚ್ಚಿದ್ರೆ ಕೂಲೆಂಟ್ ಮುಖಕ್ಕೆ ಚಿಮ್ಮುತ್ತೆ.

ಇದನ್ನ ಓದ್ತಿರೋ, ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗ್ತಿರೋ ಬೇರೆಯವರಿಗೂ ಒಂದು ಮಾತು. ಬೆಳಿಗ್ಗೆ ಬೇಗ ಹೋಗಿ, ಗಾಡಿ ಮುಟ್ಬೇಡಿ ನಾನೇ ಬಂದು ಸ್ಟಾರ್ಟ್ ಮಾಡ್ತೀನಿ ಅಂತ ಹಿಂದಿನ ದಿನಾನೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ವಾಪಸ್ ಬಂದು ಇನ್ನೊಂದು ದಿನ ಹೋಗಿ. ಮಾರ್ಚ್ ಬಿಸಿಲಲ್ಲಿ ಬೆಂಗಳೂರಲ್ಲಿ ನೋಡಿದ ಗಾಡಿ ಇಂಥ ಕಾಯಿಲೇನ ತೋರಿಸೋದೇ ಇಲ್ಲ.

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಕಾರು. ಇ20 ಪೆಟ್ರೋಲ್ ಬಂದ್ಮೇಲೆ ಚಳೀಲಿ ಎರಡು ಮೂರು ಸೆಲ್ಫ್ ಬೇಕಾಗುತ್ತೆ. ಎಥನಾಲೇ ಕಾರಣಾನಾ? – ಮೈಸೂರಿಂದ ಒಬ್ಬ ಓದುಗರು

ಉತ್ತರ: ಒಂದು ಪಾಲು ಇರ್ಬೋದು ಸರ್, ಪೂರ್ತಿ ಅದೇ ಅಂತ ನಾನು ಒಪ್ಪಲ್ಲ. ಎಥನಾಲ್ ಆವಿ ಆಗೋಕೆ ಪೆಟ್ರೋಲ್‌ಗಿಂತ ಎರಡು ಪಟ್ಟಿಗಿಂತ ಜಾಸ್ತಿ ಶಾಖ ಬೇಕು, ಬ್ರೆಜಿಲ್‌ನಲ್ಲಿ ಎಥನಾಲಲ್ಲೇ ಓಡೋ ಗಾಡಿಗಳಿಗೆ ಚಳೀಲಿ ಸ್ಟಾರ್ಟ್ ಮಾಡೋಕೆ ಅಂತ್ಲೇ ಬಹಳ ವರ್ಷ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಬೇರೆ ಇಡ್ತಿದ್ರು. ಆದ್ರೆ ಇಲ್ಲಿ ಬೆರೆಸಿರೋದು ನೂರಕ್ಕೆ 20, ಮೈಸೂರಿನ ಚಳೀನೂ ಅಷ್ಟೇನಿಲ್ಲ. ಆರೋಗ್ಯವಾಗಿರೋ ಗಾಡಿ ಸ್ಟಾರ್ಟ್ ಆಗ್ಲೇಬೇಕು. ಮೊದ್ಲೇ ಪ್ಲಗ್ ಸವೆದು, ಬ್ಯಾಟರಿ ಸೋತು ಹೇಗೋ ನಡೀತಿದ್ದ ಗಾಡಿಗೆ ಇ20 ಇನ್ನೊಂದು ಚೂರು ಭಾರ ಹಾಕುತ್ತೆ, ಆಗ ಮುಚ್ಚಿಟ್ಟಿದ್ದೆಲ್ಲ ಆಚೆ ಬರುತ್ತೆ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ಇದ್ರೆ ಪೂರ್ತಿ ಚಾರ್ಜ್, 12.2 ಅಂದ್ರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಜೊತೆ ಅರ್ತ್ ಕೇಬಲ್ಲೂ ನೋಡಿಸಿ.

ಗಾಡಿ ವಾರಗಟ್ಲೆ ನಿಲ್ಲಿಸೋದಿದ್ರೆ ಟ್ಯಾಂಕ್ ತಳ ಮಾಡಿ ಬಿಡ್ಬೇಡಿ, ಎಥನಾಲ್ ಗಾಳೀಲಿರೋ ತೇವ ಎಳ್ಕೊಳ್ಳುತ್ತೆ. 2012ರ ಗಾಡಿ ಇ20 ನೋಡ್ಕೊಂಡು ಮಾಡಿದ್ದಲ್ಲ, ಹಾಗಾಗಿ ಇಂಜಿನ್ ಹತ್ರ ಬರೋ ಪೆಟ್ರೋಲ್ ರಬ್ಬರ್ ಪೈಪನ್ನ ತಿಂಗಳಿಗೊಂದ್ಸಲ ಬಟ್ಟೇಲಿ ಒರೆಸಿ ಮೂಸಿ ನೋಡಿ. ಪೈಪ್ ಬೆವರಿದ ಹಾಗಿದ್ದು ಬಟ್ಟೆಗೆ ಪೆಟ್ರೋಲ್ ವಾಸನೆ ಹತ್ತಿದ್ರೆ ಅವತ್ತು ಸ್ಟಾರ್ಟ್ ಮಾಡ್ಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ ಪೈಪ್ ಹಾಕಿಸಿ.