ಗೆಳತಿಯ ಬಡ್ತಿ, ಕೆಟ್ಟ ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಮೂವತ್ತು ದಾಟಿದೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನಿದ್ದೆ ಬರುತ್ತಿಲ್ಲ ಎಂದು ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಮಾತಾಡುತ್ತಾ ಹೋದಂತೆ ವಿಷಯ ಹೊರಬಂತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿಗೆ ಬಡ್ತಿ ಸಿಕ್ಕಿದೆ. ಅಂದಿನಿಂದ ದಿನಾ ರಾತ್ರಿ ಅವಳ ಫೋಟೋ, ಸ್ಟೇಟಸ್ ನೋಡುವುದು, ತನ್ನನ್ನು ತಾನೇ ಬೈದುಕೊಳ್ಳುವುದು. ಮೊಬೈಲಿನಲ್ಲಿ ಒಂದು ಪಟ್ಟಿಯನ್ನೂ ಮಾಡಿಟ್ಟಿದ್ದರು. ಹುದ್ದೆ, ಮನೆ, ಪ್ರವಾಸ. ಎಡಕ್ಕೆ ಗೆಳತಿ, ಬಲಕ್ಕೆ ತಾನು. "ನೋಡಿ ಮೇಡಂ, ಎಲ್ಲದರಲ್ಲೂ ಸೋತಿದ್ದೀನಿ" ಎಂದು ಅದನ್ನು ನನ್ನ ಮುಂದೆ ಹಿಡಿದರು.

ದೊಡ್ಡ ಶ್ರೀಮಂತರನ್ನು ಕಂಡರೆ ಆಕೆಗೆ ಏನೂ ಅನ್ನಿಸುವುದಿಲ್ಲ. ಈ ಗೆಳತಿಯೇ ಯಾಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದನ್ನು ಗುರುತಿಸಿದ್ದರು. ನಾವು ಎಷ್ಟರಮಟ್ಟಿಗೆ ಇದ್ದೇವೆ ಎಂದು ತಿಳಿಯಲು ಬೇರೆ ದಾರಿ ಕಾಣದಾಗ, ನಮ್ಮಂಥವರನ್ನೇ ನೋಡಿ ಅಳೆದುಕೊಳ್ಳುತ್ತೇವೆ. ಎಲ್ಲರಿಗೂ ಆಗುವುದೇ, ನಿಮ್ಮದೇನು ಕೆಟ್ಟ ಬುದ್ಧಿಯಲ್ಲ ಎಂದು ಮೊದಲು ಹೇಳಿದೆ. ಆಕೆ ಅತ್ತುಬಿಟ್ಟರು.

"ನಿನಗಿಂತ ಕಷ್ಟದಲ್ಲಿರೋರನ್ನ ನೋಡು" ಎಂದು ಮನೆಯವರು ಹೇಳಿದ್ದರಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಹೋಲಿಸುವ ಚಟ ಹಾಗೇ ಉಳಿಯುತ್ತದೆ. ಅಷ್ಟಕ್ಕೂ ಇನ್ನೊಬ್ಬರ ಕಷ್ಟದಿಂದ ನಮಗೆ ಸಮಾಧಾನ ಯಾಕೆ ಬೇಕು, ಅಲ್ವಾ?

ಪಟ್ಟಿ ಅಳಿಸಿ ಎನ್ನಲಿಲ್ಲ. ಇನ್ನಷ್ಟು ಸಾಲು ಸೇರಿಸಲು ಹೇಳಿದೆ: ಕೆಲಸದ ಹೊತ್ತು, ಮನೆಯವರ ಜೊತೆ ಕಳೆಯುವ ಸಮಯ, ರಾತ್ರಿ ಕಾಡುವ ಚಿಂತೆ. ತನ್ನ ಕಡೆ ಸರಸರನೆ ತುಂಬಿದರು. ಗೆಳತಿಯ ಕಡೆ ಬೆರಳು ನಿಂತಿತು. "ಇದು ನನಗೆ ಗೊತ್ತೇ ಇಲ್ಲ" ಎಂದರು. ಫೋಟೋದಲ್ಲಿ ಯಾರೂ ಚಿಂತೆ ಹಾಕುವುದಿಲ್ಲವಲ್ಲ.

ಆಮೇಲೆ ಕೇಳಿದೆ, ಇದರಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದು? ತುಂಬಾ ಹೊತ್ತು ಸುಮ್ಮನಿದ್ದರು. ಮನೆ, ಪ್ರವಾಸ ಎರಡೂ ಬಿಟ್ಟುಹೋದವು. "ಮೀಟಿಂಗಿನಲ್ಲಿ ನನ್ನ ಮಾತನ್ನೂ ಕೇಳಬೇಕು, ಅಷ್ಟೇ." ಅಲ್ಲಿಂದ ಕೆಲಸ ಸುಲಭವಾಯಿತು. ಮೇಲಧಿಕಾರಿಯ ಹತ್ತಿರ ಒಂದು ಹೊಸ ಜವಾಬ್ದಾರಿ ಕೇಳಿ ಎಂದೆ. ಗೆಳತಿಯ ಸ್ಟೇಟಸ್ ಸದ್ಯಕ್ಕೆ ಮ್ಯೂಟ್ ಮಾಡಿ, ಆದರೆ ಫೋನ್ ಮಾಡಿ ಮಾತಾಡಿ. ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ 2 ವಾರ ಕಳೆದರೆ ಮನೋವೈದ್ಯರನ್ನು ಕಾಣಲೇಬೇಕು ಎಂದೂ ತಿಳಿಸಿದೆ.

ಮುಂದಿನ ಭೇಟಿಯ ಹೊತ್ತಿಗೆ ಜವಾಬ್ದಾರಿ ಕೇಳಿದ್ದರು, ಉತ್ತರ ಬಂದಿರಲಿಲ್ಲ. ನಿದ್ದೆ ಸ್ವಲ್ಪ ಸುಧಾರಿಸಿದೆ. ಗೆಳತಿಗೆ ಫೋನ್ ಮಾಡಲು ಇನ್ನೂ ಮನಸ್ಸು ಬಂದಿಲ್ಲ. ಈಗ ಅದರ ಬಗ್ಗೆಯೇ ಮಾತಾಡುತ್ತಿದ್ದೇವೆ.